ಹನ್ನೆರಡು ವಿಮಾನ, ಒಂದು ಫ್ಯೂಸು

ಓರೆಸ್ಟ್ ಬಾಬಿಚ್ ಅವತ್ತು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದು ಎದ್ದು ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಡಾಫಿನ್ ಊರಿನ ವಿಮಾನದಾಟದ ಸಂಘದವರು ಡೋನಟ್ ಅಂಗಡಿಯ ಮೂಲೆ ಮೇಜಿನಲ್ಲಿ ಕೂತಿದ್ದರು. ಅಧ್ಯಕ್ಷ ಕ್ಯಾಪ್ಟನ್ ವಾಲ್ಟರ್ ಪೆನ್ನರ್ ಮಾತಿನ ನಡುವೆ, "ನನ್ನ ಕಂಪ್ಯೂಟರಿಗೂ ವಯಸ್ಸಾಯ್ತು ಕಣ್ರಯ್ಯಾ. ಈ ಶನಿವಾರ ಬೇರೆ ಯಾರಾದ್ರೂ ಹಾರಿಸ್ತೀರಾ?" ಎಂದರು.

ಅದು ಸುಮ್ಮನೆ ಬಾಯಿಮಾತಿಗೆ ಕೇಳಿದ್ದು. ಯಾರೂ ಉತ್ತರ ಕೊಡಬಾರದು, "ಛೆ ಛೆ, ನೀವೇ ಹಾರಿಸಬೇಕು ಕ್ಯಾಪ್ಟನ್" ಎನ್ನಬೇಕು, ಅವರು ಒಲ್ಲದ ಮನಸ್ಸಿನಿಂದ ಒಪ್ಪಿದ ಹಾಗೆ ಮಾಡಬೇಕು. ಪ್ರತಿ ಚಳಿಗಾಲವೂ ನಡೆಯುವ ಶಾಸ್ತ್ರ ಅದು. ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ಇಣುಕಿದರು. ಓರೆಸ್ಟ್ ಮಾತ್ರ, "ನಮ್ಮನೇಲಿ ಹಾರಿಸೋಣ ಕ್ಯಾಪ್ಟನ್" ಎಂದುಬಿಟ್ಟ.

ಈ ಸಂಘದಲ್ಲಿ ನಿಜವಾದ ವಿಮಾನ ಹಾರಿಸಿದವರು ವಾಲ್ಟರ್ ಒಬ್ಬರೇ. ಉತ್ತರದ ಕಾಡುಗಳಿಗೆ ಸಾಮಾನು ಹೊತ್ತು ಹಾರಿ ಹಾರಿ ನಿವೃತ್ತರಾದವರು. ಮಿಕ್ಕವರೆಲ್ಲ ಟ್ರ್ಯಾಕ್ಟರ್ ಅಂಗಡಿ, ಅಂಚೆ ಕಚೇರಿ, ಶಾಲೆ ಎಂದು ದುಡಿದು ಮುಗಿಸಿ, ಈಗ ಅವರವರ ಮನೆಯ ಕಂಪ್ಯೂಟರಿನಲ್ಲಿ ವಿಮಾನ ಏರುವವರು. ಎಲ್ಲರೂ ಒಂದೇ ಆಕಾಶದಲ್ಲಿ ಜತೆಯಾಗಿ ಹಾರಬೇಕಾದರೆ ಯಾರಾದರೂ ಒಬ್ಬರ ಕಂಪ್ಯೂಟರ್ ಆ ಆಕಾಶವನ್ನು ಹೊತ್ತುಕೊಳ್ಳಬೇಕು. ಅವನೇ ಅವತ್ತಿನ ಯಜಮಾನ. ಆ ಕಂಪ್ಯೂಟರ್ ಆರಿದರೆ ಆಕಾಶವೇ ಆರಿತು. ಹಾರುತ್ತಿದ್ದವರೆಲ್ಲ ಒಟ್ಟಿಗೇ ಮಣ್ಣುಪಾಲು.

ಇಂಥ ಹೊರೆಯನ್ನು ಓರೆಸ್ಟ್ ತಲೆಯ ಮೇಲೆ ಎಳೆದುಕೊಂಡಿದ್ದಕ್ಕೆ ಕಾರಣವಿತ್ತು. ಹೋದ ವರ್ಷ ಆಟದಲ್ಲಿ ಅವನು ರನ್‌ವೇ ಮೇಲೆ ನಿಂತಿದ್ದ ವಾಲ್ಟರ್ ವಿಮಾನಕ್ಕೆ ಹಿಂದಿನಿಂದ ಹೋಗಿ ಗುದ್ದಿದ್ದ. ನಿಂತ ಎಮ್ಮೆಗೆ ಸೈಕಲ್ ಗುದ್ದಿದ ಹಾಗೆ. ಯಾರೂ ಬೈಯಲಿಲ್ಲ. ಡಾಫಿನ್ ಜನ ಕಾಲು ತುಳಿಸಿಕೊಂಡರೂ ತುಳಿದವನ ಹತ್ತಿರ ತಾವೇ ಕ್ಷಮೆ ಕೇಳುವವರು. ಆದರೆ ಅಂದಿನಿಂದ ಅವನ ವಿಮಾನ ಸಾಲಿನಲ್ಲಿ ಕಟ್ಟಕಡೆಗೆ. ಅವನು ಬಾಯಿ ತೆರೆದರೆ ಎಲ್ಲರಿಗೂ ಡೋನಟ್ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬರುತ್ತಿತ್ತು. ಒಂದೇ ಒಂದು ಶನಿವಾರ ತನ್ನನ್ನು ನಂಬಲಿ ಎಂದು ಅವನು ವರ್ಷವಿಡೀ ಹಂಬಲಿಸಿದ್ದ.

ವಾಲ್ಟರ್ ಅವನನ್ನೇ ದಿಟ್ಟಿಸಿ, "ಸರಿ" ಎಂದರು. "ಡಾಫಿನ್ನಿಂದ ಉತ್ತರದ ಚರ್ಚಿಲ್ ಊರಿನವರೆಗೆ ಎಲ್ಲರನ್ನೂ ಕಡಿಯದೆ ಮುಟ್ಟಿಸು. ಮುಟ್ಟಿಸಿದ್ರೆ ಯಜಮಾನಿಕೆ ಮಾತಾಡೋಣ. ಮಧ್ಯೆ ಕಡೀತೋ, ಇನ್ನು ಈ ಮಾತು ಎತ್ತಬೇಡಪ್ಪ."

ಶುಕ್ರವಾರ ಓರೆಸ್ಟ್ ತನ್ನ ಕಂಪ್ಯೂಟರಿನೊಳಗೆ ತಡಕಾಡಿ, ಮಿಕ್ಕವರು ಅವನ ಆಕಾಶದ ಬಾಗಿಲು ತಟ್ಟಲು ಬೇಕಾದ, ಮಧ್ಯೆ ಮಧ್ಯೆ ಚುಕ್ಕಿಯಿಟ್ಟ ಅದರ ವಿಳಾಸದ ನಂಬರನ್ನು ಪತ್ತೆಹಚ್ಚಿದ. ಎರಡೆರಡು ಸಲ ಗಟ್ಟಿಯಾಗಿ ಓದಿ ತಾಳೆ ನೋಡಿ ಹನ್ನೆರಡು ಜನಕ್ಕೂ ಕಳಿಸಿದ. ಒಂದಂಕಿಯೂ ತಪ್ಪಿರಲಿಲ್ಲ. ಆ ರಾತ್ರಿ ಮದುವೆ ಗಂಡಿನ ಹಾಗೆ ಮಲಗಿದ.

ಬೆಳಗ್ಗೆ ಹೆಂಡತಿ ಓಲ್ಗಾ ರೊಟ್ಟಿಗೆ ಬೆಣ್ಣೆ ಸವರುತ್ತಾ, "ಚರ್ಚಿನ ನೆಲಮಾಳಿಗೇಲಿ ಪೈಪ್ ಹೆಪ್ಪುಗಟ್ಟಿ ಒಡೆದಿದೆಯಂತೆ" ಎಂದಳು.

"ಅಯ್ಯೋ ಪಾಪ" ಎಂದ ಓರೆಸ್ಟ್.

"ನಾಳೆ ಚರ್ಚಿನ ಊಟಕ್ಕೆ ಇವತ್ತೇ ಪಿರೋಗಿ ಮಾಡ್ಬೇಕಲ್ಲ. ಎಲ್ಲರೂ ಇಲ್ಲಿಗೇ ಬನ್ನಿ ಅಂದಿದೀನಿ."

ಓರೆಸ್ಟ್ ಕಚ್ಚಿದ ರೊಟ್ಟಿಯನ್ನು ತಟ್ಟೆಗಿಟ್ಟ. ಪಿರೋಗಿ ಎಂದರೆ ಆಲೂಗಡ್ಡೆ ತುಂಬಿದ ಕಡುಬು. ಮಾಡುವವರು ಚರ್ಚಿನ ಹೆಂಗಸರು. ಅವರು ಬರಿಗೈಲಿ ಬರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಕರೆಂಟಿನ ಪಾತ್ರೆ ಹೊತ್ತು ಬರುತ್ತಾರೆ, ತೊಟ್ಟಿಲಿನಷ್ಟು ದೊಡ್ಡವು. ಈ ಮನೆಯನ್ನು ಓರೆಸ್ಟ್‌ನ ಅಪ್ಪ ಕಟ್ಟಿಸಿದ್ದು. ವೈರು ಎಳೆದ ಮಹಾನುಭಾವ ಯಾರೋ, ಅಡುಗೆಮನೆ, ಮುಂಬಾಗಿಲಿನ ಹೊರಗಿನ ಪ್ಲಗ್ಗು, ನೆಲಮಾಳಿಗೆ, ಎಲ್ಲವನ್ನೂ ಒಂದೇ ಫ್ಯೂಸಿಗೆ ನೇತುಹಾಕಿದ್ದ. ಕಂಪ್ಯೂಟರ್ ಇದ್ದದ್ದು ನೆಲಮಾಳಿಗೆಯಲ್ಲಿ.

"ಇವತ್ತೇ ಆಗ್ಬೇಕಾ ಓಲ್ಗಾ? ಇವತ್ತು ನಾನು ಯಜಮಾನ!"

"ಯಾರಿಗೆ?" ಎಂದಳು ಓಲ್ಗಾ. ಅವಳು ನಿಜವಾಗಿಯೂ ತಿಳಿಯದೆ ಕೇಳಿದ್ದಳು.

"ಹನ್ನೆರಡು ವಿಮಾನ ನನ್ನ ತಲೆ ಮೇಲಿರುತ್ತೆ ಕಣೇ! ಫ್ಯೂಸ್ ಹೋದ್ರೆ ಎಲ್ಲ ಬಿದ್ದು ಸಾಯ್ತಾರೆ!"

"ಸಾಯ್ಲಿ ಬಿಡು, ಮನೇಲೇ ಕೂತಿರ್ತಾರಲ್ಲ. ಊಟಕ್ಕೆ ಎದ್ದು ಬರ್ತಾರೆ."

ಓರೆಸ್ಟ್ ಫ್ಯೂಸ್ ಪೆಟ್ಟಿಗೆ ತೆರೆದು ನೋಡಿದ. ಆ ಲೈನಿಗೆ ಇದ್ದದ್ದು ಒಂದೇ. ಹೆಚ್ಚಿನ ಫ್ಯೂಸು ಇಡುವ ಡಬ್ಬಿಯಲ್ಲಿ ಓಲ್ಗಾ ಗುಂಡಿಗಳನ್ನು ತುಂಬಿಟ್ಟಿದ್ದಳು. ಅಂಗಡಿಗೆ ಓಡೋಣವೆಂದರೆ ಆಗಲೇ ಬಾಗಿಲಲ್ಲಿ ಬೂಟು ಕೊಡವುವ ಸದ್ದು. ಹೆಂಗಸರ ದಂಡು ಬಂದಾಗಿತ್ತು. ಎಲ್ಲರ ಮುಂದೆ ಸ್ಟೆಫಾ ಅಜ್ಜಿ, ಮೊಣಕಾಲುದ್ದದ ಕೋಟು, ಕಂಕುಳಲ್ಲಿ ಕರೆಂಟಿನ ಪಾತ್ರೆ.

"ಪ್ಲಗ್ ಎಲ್ಲಿ?" ಎಂದಳು ಅಜ್ಜಿ. ನಮಸ್ಕಾರವಿಲ್ಲ, ಕ್ಷೇಮಸಮಾಚಾರವಿಲ್ಲ.

"ಅಜ್ಜಿ, ಒಂದು ಹೊತ್ತಿಗೆ ಒಂದೇ ಪಾತ್ರೆ. ದಮ್ಮಯ್ಯ ಅಂತೀನಿ. ಬೇಯಿಸೋಕೆ ಆ ದೊಡ್ಡ ಒಲೆ ಇದೆ, ಅದರ ಲೈನೇ ಬೇರೆ. ಪಾತ್ರೆ ಮಾತ್ರ ಒಂದೊಂದಾಗಿ..."

"ಒಂದರಲ್ಲಿ ಈರುಳ್ಳಿ ಹುರೀತೀನಾ, ಬೆಣ್ಣೆ ಕಾಯಿಸ್ತೀನಾ, ಕಡುಬು ಬೆಚ್ಚಗಿಡ್ತೀನಾ? ನಿನ್ನ ತಲೇಲಿ ಬೇಯಿಸ್ಲಾ?"

ಓರೆಸ್ಟ್ ಪ್ಲಗ್ಗಿನ ಪಕ್ಕವೇ ಕಾವಲು ನಿಂತು ಮಧ್ಯಾಹ್ನ ಮಾಡಿ, ಆಮೇಲೆ ನೆಲಮಾಳಿಗೆಗೆ ಓಡಿದ. ಹೊರಡುವ ಹೊತ್ತಾಗಿತ್ತು.

ಸಂಘದವರು ಮಾತಾಡಿಕೊಳ್ಳುವುದು ಫೋನಿನಲ್ಲಿ, ಎಲ್ಲರೂ ಒಂದೇ ಕರೆಯಲ್ಲಿ ಸೇರಿಕೊಂಡು. ಓರೆಸ್ಟ್ ಫೋನನ್ನು ಅಂಗಿ ಜೇಬಿಗೆ ಹಾಕಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ಗುಂಡಿ ಒತ್ತಿದ. ಪರದೆಯ ಮೂಲೆಯಲ್ಲಿ ಹಸಿರು ದೀಪ ಹೊತ್ತಿತು. ಆಕಾಶ ತೆರೆಯಿತು.

"ಬನ್ನಿ, ಎಲ್ಲರೂ ಒಳಗೆ ಬನ್ನಿ!" ಎಂದ.

ಫೋನಿನಲ್ಲಿ ಗುಸುಗುಸು. ಅಂಚೆ ಕಚೇರಿಯ ನೆಸ್ಟರ್, "ಓರೆಸ್ಟ್, ನಂಗ್ಯಾಕೋ ಬಾಗಿಲೇ..." ಎಂದ. ಇನ್ಯಾರೋ, "ನಂಗೂ..." ಎಂದರು. ಓರೆಸ್ಟ್ ಮೇಜಿನಡಿ ನುಗ್ಗಿ ವೈರುಗಳನ್ನೆಲ್ಲ ಅದುಮಿದ. ಅಷ್ಟರಲ್ಲಿ ವಾಲ್ಟರ್ ಕೆಮ್ಮಿ, "ಎಲ್ಲರೂ ಒಂದು ನಿಮಿಷ ಇರಿ. ಓರೆಸ್ಟ್, ನೀನು ಏನೂ ಮುಟ್ಟಬೇಡ" ಎಂದರು. ಕರೆ ಗಪ್ ಚಿಪ್ ಆಯಿತು.

ಆ ಮೌನ ಓರೆಸ್ಟ್‌ಗೆ ಹಲ್ಲು ಕೀಳುವ ಡಾಕ್ಟರ ಕೋಣೆಯ ಮೌನದಂತೆ ಕೇಳಿಸಿತು. ಮೇಜಿನಡಿಯಲ್ಲೇ ಮಂಡಿಯೂರಿ ಕಾದ. ಕೊನೆಗೆ ಹಿಂದಿನ ಬೀದಿಯ ಗ್ಲ್ಯಾಡಿಸ್ ಟೀಚರ್ ದನಿ ಬಂತು. ಶಾಲೆಯಲ್ಲಿ ಮಕ್ಕಳ ನಾಟಕ ಹೊಗಳುವಾಗ ತೆಗೆಯುತ್ತಿದ್ದರಲ್ಲ, ಆ ದನಿ. "ಬಂದ್ವಿ ಓರೆಸ್ಟ್! ಎಲ್ಲರೂ ಬಂದ್ವಿ! ಎಷ್ಟು ಚೆನ್ನಾಗಿದೆ!"

ಓರೆಸ್ಟ್ ತಲೆಯೆತ್ತಿದ ರಭಸಕ್ಕೆ ಮೇಜಿಗೆ ತಲೆ ಬಡಿಯಿತು. ಕಣ್ಣುಜ್ಜಿಕೊಂಡು ಪರದೆ ನೋಡಿದ. ನಕ್ಷೆಯ ಮೇಲೆ ಪುಟ್ಟ ಪುಟ್ಟ ವಿಮಾನಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಯಾವುದರ ಮೇಲೂ ಹೆಸರಿರಲಿಲ್ಲ. ನಿಜವಾದ ಆಕಾಶದಲ್ಲಿ ಯಾರ ನೆತ್ತಿಯ ಮೇಲೂ ಹೆಸರು ಬರೆದಿರುವುದಿಲ್ಲ ಎಂದು ವಾಲ್ಟರ್ ಹೆಸರು ತೋರಿಸುವುದನ್ನು ಸಂಘದಲ್ಲಿ ನಿಷೇಧಿಸಿದ್ದರು. ಹೆಸರು ಯಾಕೆ ಬೇಕು? ಓರೆಸ್ಟ್ ಹಾರುವ ಚಂದದಲ್ಲೇ ಗುರುತು ಹಿಡಿದ. ನೆಟ್ಟಗೆ ಹೋಗುತ್ತಿರುವುದು ವಾಲ್ಟರ್. ಅವಸರದ್ದು ಗ್ಲ್ಯಾಡಿಸ್. ಅಡ್ಡಾದಿಡ್ಡಿ ಹೊರಟದ್ದು ನೆಸ್ಟರೇ ಸರಿ.

"ನೆಸ್ಟರ್, ಎತ್ಲಾಗೆ ಹೊರಟ್ಯೋ ಮಾರಾಯಾ? ಚರ್ಚಿಲ್ ಉತ್ತರಕ್ಕಿರೋದು. ನೀನು ದಕ್ಷಿಣಕ್ಕೆ ಹೋಗ್ತಿದೀಯ!"

ಫೋನಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ನೆಸ್ಟರ್ ಮೆಲ್ಲಗೆ, "ಹೌದಾ? ಕ್ಷಮಿಸಪ್ಪಾ. ತಿರುಗಿಸ್ಕೋತೀನಿ" ಎಂದ.

ನಕ್ಷೆಯ ಮೇಲಿನ ವಿಮಾನ ಕೊಂಚ ಹೊತ್ತಿಗೆ ನಿಜವಾಗಿಯೂ ತಿರುಗಿತು. ಓರೆಸ್ಟ್‌ನ ಎದೆ ಉಬ್ಬಿ ಅಂಗಿ ಗುಂಡಿ ಕಿತ್ತುಬರುವಂತಾಯಿತು. ಇಷ್ಟು ವರ್ಷದಲ್ಲಿ ಯಾರಾದರೂ ಅವನ ಮಾತು ಕೇಳಿ ತಿರುಗಿದ್ದು ಅದೇ ಮೊದಲು.

ಅಷ್ಟರಲ್ಲಿ ನೆತ್ತಿಯ ಮೇಲಿನ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ಓರೆಸ್ಟ್ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಅಡುಗೆಮನೆಯಲ್ಲಿ ಮೂರು ಪಾತ್ರೆ ಒಟ್ಟಿಗೆ ಕಾಯುತ್ತಿದ್ದವು.

"ಒಂದೇ ಅಂದಿದ್ದೆ!"

"ಒಂದೊಂದೇ ಹಾಕಿದ್ವಿ. ಮೊದಲು ಒಂದು, ಆಮೇಲೆ ಒಂದು, ಆಮೇಲೆ ಇನ್ನೊಂದು" ಎಂದಳು ಸ್ಟೆಫಾ ಅಜ್ಜಿ.

ಓರೆಸ್ಟ್ ಎರಡನ್ನು ಕಿತ್ತ. ಅಜ್ಜಿ ಒಂದನ್ನು ಮತ್ತೆ ಸಿಕ್ಕಿಸಿದಳು. ಇವನು ಕಿತ್ತ, ಅವಳು ಸಿಕ್ಕಿಸಿದಳು. ಕೊನೆಗೆ ಓಲ್ಗಾ, "ಮೊದಲು ಫ್ರಿಜ್ ಆರಿಸು, ಆಗ ಎರಡು ಪಾತ್ರೆ ತಡೆಯುತ್ತೆ. ಹೊರಗೆ ಮೈನಸ್ ಮೂವತ್ತೈದು, ಹಾಲು ಕಿಟಕಿ ಹೊರಗಿಟ್ರಾಯ್ತು" ಎಂದು ತೀರ್ಪು ಕೊಟ್ಟಳು. ಹಾಲು, ಮೊಸರು, ಹಂದಿಮಾಂಸ ಎಲ್ಲ ಹಿಮದ ಮೇಲೆ ಬಂದವು. ಬೀದಿಯ ನಾಯಿಗೆ ಆ ಸುದ್ದಿ ಮುಟ್ಟಲು ಬಹಳ ಹೊತ್ತು ಹಿಡಿಯಲಿಲ್ಲ.

ಆದರೂ ಬಲ್ಬು ಮಂಕಾಗುತ್ತಲೇ ಇತ್ತು. ಇನ್ನೆಲ್ಲೋ ಕರೆಂಟು ಸೋರುತ್ತಿದೆ. ಓರೆಸ್ಟ್ ಮುಂಬಾಗಿಲಿಗೆ ಹೋಗಿ ನೋಡಿದ. ಹೊರಗಿನ ಪ್ಲಗ್ಗಿಗೆ ಒಂದು ಕಿತ್ತಳೆ ಬಣ್ಣದ ವೈರು ಚುಚ್ಚಿತ್ತು. ಅದು ಹಿಮದ ಮೇಲೆ ಹಾವಿನಂತೆ ಹರಿದು, ಬೇಲಿ ದಾಟಿ, ಪಕ್ಕದ ಮನೆಯ ಲಾಯ್ಡ್ ತೋರ್ಸ್ಟೈನ್ಸನ್‌ನ ಕಾರಿನ ಮೂತಿಯೊಳಗೆ ಹೊಕ್ಕಿತ್ತು. ಆ ಊರಿನಲ್ಲಿ ಚಳಿಗಾಲಕ್ಕೆ ಕಾರನ್ನು ಹಸುವಿನ ಹಾಗೆ ಕಟ್ಟಿಹಾಕಬೇಕು. ಎಂಜಿನ್ ಬೆಚ್ಚಗಿಡುವ ಕರೆಂಟಿನ ವೈರು ಮೂಗಿನಲ್ಲಿ ಇಲ್ಲದೆ ನಿಂತರೆ ಎಂಜಿನ್ ಕಲ್ಲಾಗುತ್ತದೆ. ತನ್ನ ಮನೆಯ ಪ್ಲಗ್ಗು ಕೆಟ್ಟಿದೆಯೆಂದು ಲಾಯ್ಡ್ ಕೇಳಿದ್ದ. "ಅದಕ್ಕೇನಂತೆ, ನಮ್ಮದಕ್ಕೆ ಸಿಕ್ಕಿಸ್ಕೋ" ಎಂದು ಓರೆಸ್ಟೇ ಹೇಳಿದ್ದ. ಆಗ ಅವನಿನ್ನೂ ಯಜಮಾನನಾಗಿರಲಿಲ್ಲ.

ಓರೆಸ್ಟ್ ಅತ್ತಿತ್ತ ನೋಡಿ, ವೈರು ಕಿತ್ತು, ಕಿತ್ತದ್ದು ಕಾಣದಂತೆ ತುದಿಯನ್ನು ಹಿಮದೊಳಗೆ ಹೂತ. ಒಳ್ಳೆಯ ನೆರೆಯವನೊಬ್ಬ ಮಾಡಬಾರದ ಕೆಲಸ ಅದು. ಮಾಡಿದ.

ಕೆಳಗೆ ಹೋದರೆ ಹಸಿರು ದೀಪ ಹಾಗೇ ಇತ್ತು. "ಹೇಗಿದೀರಾ ಎಲ್ಲ?" ಎಂದು ಫೋನಿನಲ್ಲಿ ಕೇಳಿದ.

"ಬೆಣ್ಣೆ ಕಣಯ್ಯಾ, ಬೆಣ್ಣೆ" ಎಂದರು ವಾಲ್ಟರ್. "ಎಲ್ಲೂ ಒಂದು ಕುಲುಕಾಟ ಇಲ್ಲ. ನೀನು ಆರಾಮಾಗಿರು. ಬೇಕಾದ್ರೆ ಮಲಕ್ಕೋ."

ಮಲಗುವುದೆ? ಅವರ ನಂಬಿಕೆ ಹೆಚ್ಚಿದಷ್ಟೂ ಓರೆಸ್ಟ್‌ನ ನಡುಕ ಹೆಚ್ಚಾಯಿತು. ಬೈಯುವವರ ಮುಂದೆ ಸೋಲುವುದು ಸುಲಭ, ಹೊಗಳುವವರ ಮುಂದೆ ಕಷ್ಟ. ಅರ್ಧ ದಾರಿ ಇನ್ನೂ ಬಾಕಿಯಿತ್ತು.

ಆಗ ಮೇಲೆ ಬಾಗಿಲು ಬಡಿದ ಸದ್ದು. ಜತೆಗೆ ಲಾಯ್ಡ್‌ನ ಕೂಗು. "ಓರೆಸ್ಟ್! ಏ ಓರೆಸ್ಟ್! ನನ್ನ ಕಾರು ಸತ್ತೋಯ್ತು!"

ಲಾಯ್ಡ್‌ನ ಹುಬ್ಬಿನ ಮೇಲೆಲ್ಲ ಹಿಮ. ಕೈಯಲ್ಲಿ ಕರ್ಲಿಂಗ್ ಪೊರಕೆ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆ ಆಟದಲ್ಲಿ ಅವನ ತಂಡಕ್ಕೆ ಅವತ್ತು ಫೈನಲ್. "ಯಾರೋ ವೈರು ಕಿತ್ತು ಹೂತಿದ್ದಾರೆ ಕಣೋ! ಹೂತಿದ್ದಾರೆ! ಇಂಥ ಕೆಲಸ ಯಾವ ನನ್ಮಗ ಮಾಡ್ತಾನೆ ಹೇಳು!"

"ನಾಯಿ ಇರ್ಬೇಕು" ಎಂದ ಓರೆಸ್ಟ್.

"ನಾಯಿ ಪ್ಲಗ್ ಕೀಳುತ್ತಾ?"

"ಈಗಿನ ನಾಯಿಗಳನ್ನ ನಂಬೋ ಹಾಗಿಲ್ಲ ಲಾಯ್ಡ್."

ಹೆಂಗಸರು ಕಡುಬು ಮಡಿಸುವುದನ್ನು ನಿಲ್ಲಿಸಿ ನೋಡಿದರು. ಲಾಯ್ಡ್ ಕಣ್ಣು ಕಿರಿದು ಮಾಡಿ, "ಹೋಗ್ಲಿ, ನಿನ್ನ ಕಾರಿಂದ ನಂದಕ್ಕೆ ಬ್ಯಾಟರಿ ತಂತಿ ಕೊಟ್ಟು ಎಬ್ಬಿಸು ಬಾ" ಎಂದ. ಆ ಕೆಲಸಕ್ಕೆ ಕಾಲು ಗಂಟೆಯಾದರೂ ಬೇಕು. ಆ ಕಾಲು ಗಂಟೆಯಲ್ಲಿ ಸ್ಟೆಫಾ ಅಜ್ಜಿ ಊರಿಗೇ ಬೆಂಕಿ ಹಚ್ಚಬಲ್ಲಳು. ಓರೆಸ್ಟ್ ಜೇಬಿಗೆ ಕೈಹಾಕಿ ತನ್ನ ಕಾರಿನ ಕೀಲಿಯನ್ನೇ ತೆಗೆದುಕೊಟ್ಟ. "ನನ್ನ ಕಾರೇ ತಗೊಂಡ್ಹೋಗು!"

ಹೋದ ತಿಂಗಳಷ್ಟೇ ತಂದು, ಗ್ಯಾರೇಜಿನೊಳಗೆ ಬೆಚ್ಚಗಿಟ್ಟ ಕಾರು ಅದು. ಓಲ್ಗಾಳಿಗೂ ಓಡಿಸಲು ಕೊಟ್ಟಿರಲಿಲ್ಲ. "ನಿನ್ನಂಥ ನೆರೆಯವನು ಸಿಗಲ್ಲ ಕಣೋ" ಎಂದು ಲಾಯ್ಡ್ ಅವನನ್ನು ಹಿಮಸಮೇತ ತಬ್ಬಿಕೊಂಡು ಹೋದ. ಓಲ್ಗಾ ತಬ್ಬಿಕೊಳ್ಳಲಿಲ್ಲ. ಲಟ್ಟಣಿಗೆ ಹಿಡಿದು ಗಂಡನನ್ನು ನೋಡಿದಳು, ಅಷ್ಟೆ.

ಕಾರು ಬೀದಿಯ ತಿರುವಿನಲ್ಲಿ ಅಡ್ಡ ಜಾರಿ ಮರೆಯಾದದ್ದನ್ನು ನೋಡಲು ಓರೆಸ್ಟ್‌ಗೆ ಪುರಸೊತ್ತಿರಲಿಲ್ಲ. ಬಲ್ಬು ಮತ್ತೆ ಮಂಕಾಗಿತ್ತು. ಈ ಸಲ ಕಾರಣ ಅವನೆದುರೇ ಗುರುಗುಟ್ಟುತ್ತಿತ್ತು. ನೆಲಮಾಳಿಗೆಯ ಮೂಲೆಯಲ್ಲಿ ಇಡೀ ಮನೆಗೆ ಬಿಸಿಗಾಳಿ ಊದುವ ಫರ್ನೇಸಿನ ಫ್ಯಾನು. ಅದೂ ಅದೇ ಫ್ಯೂಸಿನ ಮೇಲೆ.

ಮೈನಸ್ ಮೂವತ್ತೈದರಲ್ಲಿ ಫರ್ನೇಸ್ ಆರಿಸುವವನಿಗೆ ಹುಚ್ಚು ಹಿಡಿದಿರಬೇಕು, ಇಲ್ಲವೆ ಯಜಮಾನಿಕೆ ಹಿಡಿದಿರಬೇಕು. ಓರೆಸ್ಟ್ ಆರಿಸಿದ.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬ ಹೆಂಗಸು ಸ್ವೆಟರ್ ಹಾಕಿಕೊಂಡಳು. ಇನ್ನೊಬ್ಬಳು ಕೋಟು. ಹಿಟ್ಟು ಚರ್ಮದ ಹಾಗೆ ಬಿರುಸಾಯಿತು. ಸ್ಟೆಫಾ ಅಜ್ಜಿ ಕೈಗವಸು ತೊಟ್ಟು ಕಡುಬು ಮಡಿಸತೊಡಗಿದಳು; ಒಂದೊಂದು ಕಡುಬೂ ಕಿವಿ ಹರಿದ ಟೋಪಿಯಂತೆ ಬರುತ್ತಿತ್ತು. ಹೊರಗೆ ಸೂರ್ಯ ಇಳಿಯುತ್ತಿದ್ದ. ಮಾತಾಡಿದರೆ ಬಾಯಿಂದ ಹೊಗೆ.

"ಓಲ್ಗಾ, ಇದೇನು ಮನೇನಾ, ಹೆಣ ಇಡೋ ಕೋಣೇನಾ?" ಎಂದಳು ಅಜ್ಜಿ.

"ನನ್ನ ಗಂಡ ವಿಮಾನ ಹಾರಿಸ್ತಿದ್ದಾರೆ ಅಜ್ಜಿ."

"ವಿಮಾನದ ಬಾಗಿಲು ಹಾಕೋಕೆ ಹೇಳು. ಗಾಳಿ ಬರ್ತಿದೆ."

ಓರೆಸ್ಟ್ ಕೆಳಗೆ ಕಂಬಳಿ ಹೊದ್ದು ಪರದೆಗೆ ಮುಖ ಒತ್ತಿ ಕೂತಿದ್ದ. ಬೆರಳು ಮರಗಟ್ಟಿದ್ದವು. ಹಸಿರು ದೀಪದಿಂದ ಕಣ್ಣು ಕೀಳುತ್ತಿರಲಿಲ್ಲ. ಇನ್ನೇನು, ಇನ್ನೇನು ಮುಟ್ಟಿಬಿಡುತ್ತಾರೆ. ಫೋನಿನಲ್ಲಿ ಅವರೆಲ್ಲ ಮೋಡ, ಗಾಳಿ ಎಂದು ಹಾಯಾಗಿ ಮಾತಾಡುತ್ತಿದ್ದರು. ಒಮ್ಮೊಮ್ಮೆ ಯಾರಾದರೂ ನೆನಪಾದವರಂತೆ, "ಭಲೇ ಓರೆಸ್ಟ್" ಎನ್ನುತ್ತಿದ್ದರು. ಆ ಒಂದು ಮಾತಿಗೆ ಅವನು ಹತ್ತು ಸಲ ಹೆಪ್ಪುಗಟ್ಟಲು ತಯಾರಿದ್ದ.

ಆಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕೋಟು, ಟೋಪಿ, ಕೈಗವಸು ತೊಟ್ಟ ಸ್ಟೆಫಾ ಅಜ್ಜಿ ಪಾತ್ರೆ ಹೊತ್ತು ಇಳಿಯುತ್ತಿದ್ದಳು.

"ಮೇಲೆ ಬೇಡ ಅಂದ್ಯಲ್ಲ. ಇಲ್ಲಿ ಹಾಕ್ತೀನಿ" ಎಂದಳು.

"ಅಜ್ಜೀ, ಬೇಡ! ಮೇಲೂ ಕೆಳಗೂ ಒಂದೇ..."

ಅವನು ಕಂಬಳಿಯಿಂದ ಬಿಡಿಸಿಕೊಂಡು ಏಳುವಷ್ಟರಲ್ಲಿ ಅಜ್ಜಿ ಪ್ಲಗ್ಗು ಚುಚ್ಚಿಯಾಗಿತ್ತು.

ಟಪ್.

ಬಲ್ಬು ಹೋಯಿತು. ಪರದೆ ಹೋಯಿತು. ಹಸಿರು ದೀಪ ಹೋಯಿತು. ಮೇಲೆ ಹೆಂಗಸರೆಲ್ಲ ಒಟ್ಟಿಗೆ "ಓ" ಎಂದರು. ಕತ್ತಲಲ್ಲಿ ಸ್ಟೆಫಾ ಅಜ್ಜಿ, "ನಿಮ್ಮನೇಲಿ ಏನೂ ಸರಿ ಇಲ್ಲ" ಎಂದಳು.

ಓರೆಸ್ಟ್ ಕುರ್ಚಿಯ ಮೇಲೆ ಕುಸಿದ. ಮುಗಿಯಿತು. ಹನ್ನೆರಡು ಜನ ನಡುದಾರಿಯಲ್ಲಿ ಆಕಾಶ ಕಳಚಿ ಬಿದ್ದರು. ಇನ್ನು ಜೀವ ಇರುವ ತನಕ ಸಾಲಿನ ಕಡೆಯ ವಿಮಾನ, ಡೋನಟ್ ನೋಡುವ ಕಣ್ಣುಗಳು. ಫೋನಿನಲ್ಲಿ ಏನು ಹೇಳಲಿ?

ಫೋನಿನಲ್ಲಿ ನೆಸ್ಟರ್ ಹೇಳಿದ: "ಕ್ಯಾಪ್ಟನ್, ಚರ್ಚಿಲ್ ದೀಪ ಕಾಣ್ತಿದೆ."

"ಕಾಣ್ತಿದೆ, ಕಾಣ್ತಿದೆ. ಮೊದಲು ಗ್ಲ್ಯಾಡಿಸ್ ಇಳೀಲಿ" ಎಂದರು ವಾಲ್ಟರ್.

ಓರೆಸ್ಟ್ ಕತ್ತಲ ಪರದೆಯನ್ನು ನೋಡಿದ. ಬೆರಳಿನಿಂದ ಮುಟ್ಟಿದ. ತಣ್ಣಗಿತ್ತು. ಸತ್ತ ಕಂಪ್ಯೂಟರಿನೊಳಗೆ ಹನ್ನೆರಡು ಜನ ಸುಖವಾಗಿ ಹಾರುತ್ತಿದ್ದರು. ಒಂದು ಗಳಿಗೆ ಅವನಿಗೆ ನಿಜವಾಗಿಯೂ ಪವಾಡವೆನ್ನಿಸಿತು. ತಳ್ಳುವುದನ್ನು ನಿಲ್ಲಿಸಿದ ಮೇಲೂ ಗಾಡಿ ಸ್ವಲ್ಪ ದೂರ ಉರುಳುತ್ತದಲ್ಲ, ಹಾಗೆ ಆಕಾಶವೂ ಉರುಳುತ್ತಿರಬಹುದೆ? ಉಸಿರು ಬಿಗಿಹಿಡಿದು ಕಾದ. ಗ್ಲ್ಯಾಡಿಸ್ ಇಳಿದರು. "ಇಳಿದೆ. ನಾನು ಹೊರಡ್ತೀನಿ, ಓಲ್ಗಾಗೆ ಕಡುಬು ಮಡಿಸೋಕೆ ಬರ್ತೀನಿ ಅಂದಿದ್ದೆ" ಎಂದು ಕರೆ ಬಿಟ್ಟರು. ಅವರ ಹಿಂದೆ ಇನ್ನೊಬ್ಬರು ಇಳಿದರು. ಅವರ ಹಿಂದೆ ಮತ್ತೊಬ್ಬರು. ಗಾಡಿ ಇಷ್ಟು ದೂರ ಉರುಳುವುದಿಲ್ಲ.

ಹಿಂದಿನ ಬೀದಿಯಿಂದ ಗ್ಲ್ಯಾಡಿಸ್ ನಡೆದುಬರಲು ಎಷ್ಟು ಹೊತ್ತು? ಟಾರ್ಚು ಹಿಡಿದು ಮೆಟ್ಟಿಲಿಳಿದು ಬಂದರು. "ಓರೆಸ್ಟ್? ಯಾಕೆ ಕತ್ತಲೆ? ಕರೆಂಟ್ ಯಾವಾಗ ಹೋಯ್ತು?"

"ನೀವು ಇಳಿಯೋಕೆ ಮುಂಚೆ" ಎಂದ ಓರೆಸ್ಟ್.

"ಅಯ್ಯೋ, ಹಾಗಾದ್ರೆ..." ಎಂದವರು ಅಲ್ಲಿಗೇ ನಿಂತರು. ಟಾರ್ಚಿನ ಬೆಳಕು ನೆಲಕ್ಕೆ ಇಳಿಯಿತು. ಓರೆಸ್ಟ್ ಕಿವಿಯ ವೈರು ಕಿತ್ತು, ಇಲ್ಲಿನ ಮಾತು ಅಲ್ಲಿಗೆ ಕೇಳದಂತೆ ಫೋನಿನ ಗುಂಡಿ ಒತ್ತಿದ.

"ಟೀಚರ್, ನನ್ನ ಕಂಪ್ಯೂಟರ್ ಸತ್ತ ಮೇಲೆ ನೀವೆಲ್ಲ ಹೇಗೆ ಹಾರಿದ್ರಿ?"

ಗ್ಲ್ಯಾಡಿಸ್ ಒಮ್ಮೆ ಮೇಲೆ ನೋಡಿದರು, ಒಮ್ಮೆ ಸ್ಟೆಫಾ ಅಜ್ಜಿಯನ್ನು ನೋಡಿದರು. ಅಜ್ಜಿ ಪಾತ್ರೆಯ ಮೇಲೆ ಕೂತು ಸ್ವಾರಸ್ಯವಾಗಿ ಕೇಳುತ್ತಿದ್ದಳು. "ನೋಡು ಓರೆಸ್ಟ್, ಬೇಜಾರು ಮಾಡ್ಕೋಬೇಡ" ಎಂದರು ಗ್ಲ್ಯಾಡಿಸ್. "ನೀನು ಕಳಿಸಿದ ನಂಬರ್ ಇದೆಯಲ್ಲ, ಅದು ಮನೆಯೊಳಗಿನ ನಂಬರ್. ಅದು ನಿಮ್ಮನೆ ಒಳಗೆ ಮಾತ್ರ ನಡೆಯುತ್ತೆ. ನಮ್ಮನೇಲೂ ಅದೇ ನಂಬರ್ ಇದೆ, ವಾಲ್ಟರ್ ಮನೇಲೂ ಅದೇ ಇದೆ. ಯಾರಾದ್ರೂ ನಿಮ್ಮನೆ ಎಲ್ಲಿ ಅಂತ ಕೇಳಿದ್ರೆ, ಅಡುಗೆಮನೆ ಪಕ್ಕದ ರೂಮು ಅಂದ ಹಾಗೆ. ನಾವೆಲ್ಲ ಆ ನಂಬರ್ ಒತ್ತಿ ನಮ್ಮ ನಮ್ಮ ಮನೆ ಬಾಗಿಲನ್ನೇ ತಟ್ಟಿದ್ವಿ."

"ಮತ್ತೆ... ಎಲ್ಲರೂ ಬಂದ್ವಿ ಅಂದ್ರಲ್ಲ?"

"ಬಂದ್ವಿ. ವಾಲ್ಟರ್ ಮನೆಗೆ."

"ನಕ್ಷೆ ಮೇಲೆ ವಿಮಾನ ನೋಡಿದೆನಲ್ಲ ನಾನು!"

"ಅವಾ? ಆಕಾಶ ಬೋಳು ಕಾಣಬಾರ್ದು ಅಂತ ಕಂಪ್ಯೂಟರೇ ಬಿಡೋ ವಿಮಾನ ಅವು. ಒಳಗೆ ಯಾರೂ ಇರಲ್ಲ."

"ನೆಸ್ಟರ್‌ಗೆ ತಿರುಗು ಅಂದೆ, ತಿರುಗಿದ!"

"ಪಾಪ, ನೆಸ್ಟರ್‌ಗೆ ಏನು ಹೇಳ್ಬೇಕೋ ತೋಚಲಿಲ್ಲ ಓರೆಸ್ಟ್."

ಓರೆಸ್ಟ್‌ನ ತುಟಿ ಅದುರಿತು. ಅರ್ಧ ಚಳಿಗೆ, ಅರ್ಧ ಸಿಟ್ಟಿಗೆ. ನಾಯಿ ಪಾಲಾದ ಹಾಲು, ಕೊಟ್ಟುಬಿಟ್ಟ ಕಾರು, ಹೆಪ್ಪುಗಟ್ಟಿದ ಹೆಂಡತಿ, ಹಿಮದಲ್ಲಿ ಹೂತ ವೈರು, ಎಲ್ಲವೂ ಒಬ್ಬರೂ ಇಲ್ಲದ ಆಕಾಶಕ್ಕೆ. "ಒಂದು ಮಾತು ಹೇಳಬಾರ್ದಿತ್ತಾ ಟೀಚರ್?"

"ಹೇಗೋ ಹೇಳೋದು? ಎಷ್ಟು ಆಸೆಯಿಂದ ಬನ್ನಿ ಬನ್ನಿ ಅಂತಿದ್ದೆ. ಯಾರೂ ಬಾಯಿ ಬಿಡಬೇಡಿ, ಅವನಿಗೆ ನೋವಾಗುತ್ತೆ ಅಂತ ಕ್ಯಾಪ್ಟನ್ನೇ ನಿನ್ನನ್ನ ಬಿಟ್ಟು ನಮಗೆಲ್ಲ ಬೇರೆ ಕರೆ ಮಾಡಿ ಹೇಳಿದ್ರು. ನೋಡು, ನಿಂಗೆ ಗೊತ್ತಾಯ್ತು ಅಂತ ಅವರಿಗೆ ಗೊತ್ತಾಗೋದು ಬೇಡ. ನನ್ನ ಮರ್ಯಾದೆ ಉಳಿಸಪ್ಪಾ."

ಆಗಲೇ ಫೋನಿನಲ್ಲಿ ವಾಲ್ಟರ್ ಗಂಟಲು ಸರಿಮಾಡಿಕೊಂಡರು. ಓರೆಸ್ಟ್ ಕಿವಿಯ ವೈರು ಕಿತ್ತಿದ್ದರಿಂದ ದನಿ ನೆಲಮಾಳಿಗೆ ತುಂಬ ಕೇಳಿಸಿತು. "ಓರೆಸ್ಟ್, ಇದೀಯಾ? ಹನ್ನೆರಡು ಜನಾನೂ ಇಳಿದ್ವಿ. ಮೂರು ಗಂಟೇಲಿ ಒಂದು ಸಲಾನೂ ಕಡೀಲಿಲ್ಲ. ನನ್ನ ಕಂಪ್ಯೂಟರಿನಲ್ಲೂ ಇಷ್ಟು ಗಟ್ಟಿಯಾಗಿ ಯಾವತ್ತೂ ನಡೆದಿಲ್ಲ ಕಣಯ್ಯಾ. ಅದಕ್ಕೇ, ಈ ಚಳಿಗಾಲ ಪೂರ್ತಿ, ಪ್ರತಿ ಶನಿವಾರ, ಯಜಮಾನಿಕೆ ನಿಂದೇ. ಒಪ್ಪಿಗೆ ಇರೋರು?"

"ಒಪ್ಪಿಗೆ!" ಎಂದರು ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನೆಸ್ಟರ್.

"ಒಂದೇ ಮಾತು, ಆ ನಂಬರ್ ಮಾತ್ರ ಬದಲಾಯಿಸಬೇಡಪ್ಪ" ಎಂದರು ವಾಲ್ಟರ್. "ನಮಗೆಲ್ಲ ಅಭ್ಯಾಸ ಆಗೋಗಿದೆ."

ಓರೆಸ್ಟ್ ಬಾಯಿ ತೆರೆದ. ನಾಲಗೆಯ ತುದಿಯಲ್ಲಿ ಒಂದು ಒಳ್ಳೆಯ ಬೈಗುಳವಿತ್ತು; ಅಪ್ಪನ ಕಾಲದ್ದು, ಗಟ್ಟಿಮುಟ್ಟಾದದ್ದು. ಟಾರ್ಚಿನ ಬೆಳಕಿನಲ್ಲಿ ಗ್ಲ್ಯಾಡಿಸ್ ಎರಡೂ ಕೈ ಜೋಡಿಸಿದರು. ಹನ್ನೆರಡು ಜನ ತನ್ನ ಸಲುವಾಗಿ ಮೂರು ಗಂಟೆ ಕಾಲ ಒಬ್ಬರೂ ಬಾಯಿ ತಪ್ಪದೆ ಸುಳ್ಳು ಹೇಳಿದ್ದರು. ಅವರನ್ನೆಲ್ಲ ನಾಚಿಸುವುದು ಹೇಗೆ? ಎಷ್ಟೆಂದರೂ ಅವನೂ ಡಾಫಿನ್ನಿನವನು.

"ಕ್ಷಮಿಸಿ, 'ಒಪ್ಪಿಗೆ' ಅನ್ನೋದು ಮರೆತೆ. ಧನ್ಯವಾದ ಕ್ಯಾಪ್ಟನ್" ಎಂದ, ಫೋನಿನ ಗುಂಡಿಯನ್ನು ಮತ್ತೆ ಒತ್ತಿ.

ಮೇಲಿನ ಮೆಟ್ಟಿಲಲ್ಲಿ ಓಲ್ಗಾ ಮೇಣದಬತ್ತಿ ಹಿಡಿದು ನಿಂತಿದ್ದಳು. ಕೋಟಿನ ಮೇಲೊಂದು ಕೋಟು, ಮೂಗಿನ ತುದಿ ಕೆಂಪು. ಫೋನಿನ ಮಾತು ಕೊನೆಯದಷ್ಟೇ ಅವಳ ಕಿವಿಗೆ ಬಿದ್ದಿತ್ತು. ಬೆಳಗಿನಿಂದ ಮೊದಲ ಸಲ ಅವಳ ಮುಖ ಮೆತ್ತಗಾಯಿತು. "ಕೇಳಿದ್ರಾ?" ಎಂದು ಹಿಂದಿದ್ದ ಹೆಂಗಸರಿಗೆ ಹೇಳಿದಳು. "ನಮ್ಮೋರು ಎಲ್ಲರನ್ನೂ ಕ್ಷೇಮವಾಗಿ ಮುಟ್ಟಿಸಿದ್ರಂತೆ. ಇನ್ನು ಚಳಿಗಾಲ ಪೂರ್ತಿ ಇವರೇ ಯಜಮಾನರಂತೆ."

ಸ್ಟೆಫಾ ಅಜ್ಜಿ ಪಾತ್ರೆಯಿಂದೆದ್ದು ಓರೆಸ್ಟ್‌ನ ಮುಖಕ್ಕೆ ಮುಖವಿಟ್ಟು ನೋಡಿದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. "ಹಾಗಾದ್ರೆ ಬರೋ ಶನಿವಾರಾನೂ ಈ ಮನೇಲಿ ಫರ್ನೇಸ್ ಇಲ್ವಾ?"

ಓರೆಸ್ಟ್ ಗ್ಲ್ಯಾಡಿಸ್ ಕಡೆ ನೋಡಿದ. ಗ್ಲ್ಯಾಡಿಸ್ ಸೂರಿನ ಕಡೆ ನೋಡಿದರು.

"ಹೇಗೆ ಹಾಕಲಿ ಅಜ್ಜಿ?" ಎಂದ ಓರೆಸ್ಟ್, ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಾ. "ಹನ್ನೆರಡು ಜನ ನನ್ನನ್ನೇ ನಂಬಿದ್ದಾರೆ."